ಹತ್ತೂವರೆಯ ಸರದಿ

ಗಂಟಲಿಗೆ ಕ್ಯಾನ್ಸರ್ ಬಂದಾಗ, ಧ್ವನಿಪೆಟ್ಟಿಗೆ ತೆಗೆಯಬೇಡಿ, ರೇಡಿಯೇಷನ್ ಮತ್ತು ಕೀಮೋದಲ್ಲೇ ಗುಣಪಡಿಸಿ ಎಂದು ಹಟ ಹಿಡಿದವನು ನಾನೇ. ಮಿಮಿಕ್ರಿ ಮಾಡುವವನ ದನಿ ಹೋದರೆ ಉಳಿಯುವುದು ಬರೀ ಮೀಸೆ.

ದಿನವೂ ಹತ್ತೂವರೆಗೆ ರೇಡಿಯೇಷನ್ ಕೋಣೆಯಲ್ಲಿ ಮುಖದಿಂದ ಹೆಗಲವರೆಗೆ ಬಿಗಿಯುವ ಜಾಲರಿ ಮುಖವಾಡ ತೊಡಿಸಿ, ಅದನ್ನು ಮೇಜಿಗೆ ಲಾಕ್ ಮಾಡಿ, ಎಲ್ಲರೂ ಹೊರಗೆ ಹೋಗುತ್ತಿದ್ದರು. ಹೊರಗಿನವರಿಗೆ ಕೇಳಿಸಲೆಂದು ಒಳಗಿನ ಮೈಕ್ ಮಾತ್ರ ತೆರೆದಿರುತ್ತಿತ್ತು. ಐದನೇ ವಾರಕ್ಕೆ ನನ್ನ ದನಿ ಪೂರ್ತಿ ನಿಂತುಹೋಯಿತು.

ಆ ವಾರವೇ ಒಂದು ದಿನ ಮುಖವಾಡ ಬಿಚ್ಚುತ್ತಾ ಟೆಕ್ನಿಷಿಯನ್ ನಕ್ಕಳು. "ಏನ್ ಸಾರ್, ನಮ್ ಡಾಕ್ಟ್ರ ದನೀನ ಹಾಗ್ಹಾಗೇ ಇಳಿಸಿಬಿಟ್ರಲ್ಲ! ಮೈಕಲ್ಲಿ ಕೇಳಿ ನಕ್ಕೂ ನಕ್ಕೂ ಸಾಕಾಯ್ತು."

'ನಾನಲ್ಲ ತಾಯಿ, ಉಗುಳು ನುಂಗೋಕೂ ಆಗ್ತಿಲ್ಲ' ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

"ಹೋಗಿ ಸಾರ್, ಬರೀ ನಾಟಕ!"

ನನ್ನ ತುಟಿ ಒಣಗಿ ಬಿರಿದಿತ್ತು. ಮುಖವಾಡದಲ್ಲಿ ಬಾಯಿಯ ಜಾಗ ಮಾತ್ರ ಬೆಚ್ಚಗೆ ಒದ್ದೆಯಾಗಿತ್ತು.

ಚಿಕಿತ್ಸೆ ಮುಗಿದು ಮೂರು ತಿಂಗಳಾಯಿತು. ಗಡ್ಡೆ ಕರಗಿದೆ, ದನಿ ಮರಳಿದೆ. ಸ್ವಲ್ಪ ಗೊಗ್ಗರಾಗಿದೆ, ಆದರೆ ನನ್ನದೇ. "ಮತ್ತೆ ಶುರುವಾಯ್ತಾ ನಿಮ್ಮ ವಟವಟ?" ಎಂದು ಹೆಂಡತಿ ಬೈಯುವುದೇ ಒಂದು ಸುಖ.

ನಿನ್ನೆ ಟೆಕ್ನಿಷಿಯನ್ ಫೋನ್ ಮಾಡಿದ್ದಳು. ಹತ್ತೂವರೆಗೆ ಖಾಲಿ ಕೋಣೆಯ ಮೈಕಿನಲ್ಲಿ ಇನ್ನೂ ನನ್ನ ದನಿ ಕೇಳಿಸುತ್ತಿದೆಯಂತೆ, ಮೊದಲಿನ ಹಾಗೆ ಸ್ವಚ್ಛವಾಗಿ.

"ಇವತ್ತು ಹೊಸ ನರ್ಸಮ್ಮನ ಮಿಮಿಕ್ರಿ ಮಾಡಿದ್ರಿ ಸಾರ್. ಥೇಟ್ ಅವರೇ!"

ಆ ನರ್ಸ್ ಕೆಲಸಕ್ಕೆ ಸೇರಿದ್ದು ಮೊನ್ನೆ. ನಾನು ಅವರನ್ನು ನೋಡಿಯೇ ಇಲ್ಲ.