ಎತ್ತಿ ಕಟ್ಟಿದ ಹಲಗೆ

ಬೆಳಿಗ್ಗೆ 8.15ಕ್ಕೆ ದೋಣಿ ಕಟ್ಟುವವನೊಬ್ಬ ಠಾಣೆಗೆ ಬಂದು ದೂರು ಬರೆಸಿದ. ನಿನ್ನೆ ಮಧ್ಯಾಹ್ನ ಹಾಯಿದೋಣಿಯಲ್ಲಿ ಒಬ್ಬನೇ ಹೋದ ತಮ್ಮ ಮರಳಿಲ್ಲ.

10.30ಕ್ಕೆ ದೋಣಿ ಮರಳುದಿಣ್ಣೆಯ ಮೇಲೆ ಸಿಕ್ಕಿತು. ಒಳಗೆ ತಮ್ಮನಿದ್ದ. ಮುಖದ ಎಡಭಾಗ ಮುಖವಾಗಿ ಉಳಿದಿರಲಿಲ್ಲ. ಹಾಯಿಯ ಮಡಿಕೆಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಗಾಳಿ ತಿರುಗಿದ್ರೆ ಹಾಯಿಯ ಅಡ್ಡಗಂಬ ಬೀಸುತ್ತೆ ಸಾರ್. ತಲೆ ಬಗ್ಗಿಸೋ ಅಂತ ಸಾವಿರ ಸಲ ಹೇಳಿದ್ದೆ. ಯಾರ ಮಾತಿಗೆ ಬಗ್ಗಿದೋನು ಅವನು?" ಅಣ್ಣ ಅಡ್ಡಗಂಬದತ್ತ ಕೈ ತೋರಿಸಿದ.

ಹೆಡ್ ಕಾನ್‌ಸ್ಟೇಬಲ್ ಇನ್ಸ್‌ಪೆಕ್ಟರ ಕಿವಿಯಲ್ಲಿ ಪಿಸುಗುಟ್ಟಿದ: "ಐದು ಏಟು ಸಾರ್. ಅಡ್ಡಗಂಬಕ್ಕೇನು ಹಳೇ ದ್ವೇಷವಾ?"

ಪಂಚನಾಮೆ ನಡೆಯುವಾಗ ಇನ್ಸ್‌ಪೆಕ್ಟರ್ ದೋಣಿಯೊಳಗೆ ಕುಕ್ಕರಗಾಲಲ್ಲಿ ಕೂತರು. ನಡುವಿನ ಗೂಡಿನಲ್ಲಿ ಕಬ್ಬಿಣದ ಹಲಗೆಯೊಂದನ್ನು ಮೇಲೆಳೆದು ಹಗ್ಗದಿಂದ ಬಿಗಿಯಲಾಗಿತ್ತು.

"ಇದೇನು?"

"ಆಳದಲ್ಲಿ ಇದನ್ನ ಕೆಳಗಿಳಿಸ್ತೀವಿ, ದೋಣಿ ಪಕ್ಕಕ್ಕೆ ಜಾರಬಾರದಲ್ಲ. ನೀರು ಮೊಣಕಾಲಿಗೆ ಇಳಿದ್ರೆ ಎತ್ತಿ ಕಟ್ಟಬೇಕು. ಇಲ್ಲದಿದ್ರೆ ದಿಣ್ಣೆಗೆ ಬಡಿದು ತಳ ಸೀಳುತ್ತೆ."

"ತಾನಾಗೇ ಮೇಲೆ ಬರುತ್ತಾ?"

"ಇಪ್ಪತ್ತೆಂಟು ಕಿಲೋ ಸಾರ್!" ಅಣ್ಣನ ದನಿಯಲ್ಲಿ ಹೆಮ್ಮೆ ಇಣುಕಿತು. "ಕೈಯಿಂದ್ಲೇ ಎಳೀಬೇಕು."

ಇನ್ಸ್‌ಪೆಕ್ಟರ್ ಪಂಚರೆದುರು ಗಂಟು ಬಿಚ್ಚಿಸಿದರು. ಹೊರಗೆ ಕಾಣದ ಒಳಮಡಿಕೆಗಳಲ್ಲೂ ರಕ್ತ. ತಲೆ ಒಡೆದ ಮೇಲೆ ಬಿದ್ದ ಗಂಟು ಅದು. ಕೊಂದವನು ಓಡಿಹೋಗಬಹುದಿತ್ತು. ಆದರೆ ನಿಂತು ದೋಣಿಯ ತಳ ಕಾಪಾಡಿ, ಮೊಣಕಾಲುದ್ದದ ನೀರಲ್ಲಿ ನಡೆದು ದಡ ಸೇರಿದ್ದ.

"ನಿಮ್ಮ ಅಂಗೈ ತೋರಿಸಿ."

ಅಣ್ಣನ ಅಂಗೈಯಲ್ಲಿ ಹಗ್ಗ ಉಜ್ಜಿದ ಹಸಿ ಗಾಯ. ನೀರು ದೋಣಿಯನ್ನು ಮೆಲ್ಲಗೆ ತಟ್ಟುತ್ತಿತ್ತು.

ಮಧ್ಯಾಹ್ನ ಕೊಲೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. 3.20ಕ್ಕೆ ಅಣ್ಣನ ಶೆಡ್ಡಿನಲ್ಲಿ ಚುಕ್ಕಾಣಿಯ ಮರದ ಹಿಡಿ ಸಿಕ್ಕಿತು. ತೊಳೆದು, ಎಣ್ಣೆ ಸವರಿ, ಮೊಳೆಗೆ ತೂಗುಹಾಕಿದ್ದ. ಸೀಳಿನಲ್ಲಿ ಒಂದು ಕೂದಲಿತ್ತು.

"ನೀರಿಗೆ ಎಸೀಬಹುದಿತ್ತಲ್ಲ?"

"ನಾನೇ ಕೆತ್ತಿದ್ದು." ಅಣ್ಣ ಮುಂದುವರಿಸಿದ: "ದೋಣಿ ಸ್ಪರ್ಧೆಗೆ ವೇಗ ಬೇಕು, ಹಲಗೆ ಮೇಲೇಳದ ಹಾಗೆ ಬೋಲ್ಟ್ ಹಾಕಿಸ್ತೀನಿ ಅಂದ. ನಮ್ಮಪ್ಪ ಸತ್ತಿದ್ದೇ ಅಂಥ ದೋಣೀಲಿ, ದಿಣ್ಣೆಗೆ ಸಿಕ್ಕಿ ಮಗುಚಿ. ಬೇಡ ಕಣೋ ಅಂದೆ. 'ಅಪ್ಪನ್ನ ಬಿಟ್ಟು ಈಜಿ ಬಂದ ಪುಕ್ಕಲ ನೀನು' ಅಂದ. ಮೊದಲ ಏಟು ಅದಕ್ಕೆ."

"ಉಳಿದ ನಾಲ್ಕು?"

"ಅವನು ಹೇಳಿದ್ದು ನಿಜ ಸಾರ್."

5.40ಕ್ಕೆ ಬಂಧಿಸಿದರು. ಅಪ್ಪನ ಹಾಗೆ ತಮ್ಮನೂ ಸಾಯಬಾರದೆಂದೇ ಏಳು ವರ್ಷ ಕೂತು ಕಟ್ಟಿದ ದೋಣಿಯಂತೆ ಅದು. ಹೇಳಿಕೆಯಲ್ಲಿ ಹಾಗೆಂದು ಬರೆಸಿದ. ಜೀಪು ಹತ್ತುವಾಗ ತಿರುಗಿ ನಿಂತ.

"ಗಂಟು ಬಿಚ್ಚಿದೀರಿ. ದೋಣೀನ ಟ್ರೇಲರಿಗೆ ಏರಿಸೋ ಮುಂಚೆ ಹಲಗೆ ಎತ್ತಿ ಕಟ್ಟಿ, ಸಾರ್."