ಬಿಸಿ ಅಂಗಿ

ಇಸ್ತ್ರಿ ಅಂಗಡಿ ನಡೆಸುವವಳು ನಾನು. ಬೇರೆ ವಿಷಯದಲ್ಲಿ ಏನೇ ಅನ್ನಿ, ಬಿಸಿ ಎಷ್ಟಿದೆ ಅನ್ನುವುದರಲ್ಲಿ ನನ್ನ ಕೈ ಸುಳ್ಳು ಹೇಳುವುದಿಲ್ಲ.

ಯುದ್ಧಕ್ಕೆ ಹೋಗಿದ್ದ ನನ್ನ ಗಂಡ ಏಳು ವರ್ಷದ ಮೇಲೆ ಒಂದು ಮಟಮಟ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ನಿಂತಿದ್ದರು. ಅದೇ ಮುಖ, ಅದೇ ಸೊಟ್ಟ ನಗು. "ಸೊರಗಿದ್ದೀಯಲ್ಲೇ" ಅಂದರು. ಅವರು ಒಳಗೆ ಕಾಲಿಟ್ಟಿದ್ದೇ ತಡ, ಇಸ್ತ್ರಿಪೆಟ್ಟಿಗೆಯಲ್ಲಿ ನಿಗಿನಿಗಿ ಅನ್ನುತ್ತಿದ್ದ ಕೆಂಡ ಆರಿಹೋಯಿತು.

ಹೊಸ ಕೆಂಡ ತುಂಬಿ, ಎತ್ತಿಟ್ಟಿದ್ದ ಅವರ ಅಂಗಿಗೆ ಇಸ್ತ್ರಿ ಹಾಕಿ, ಬಿಸಿಬಿಸಿಯಾಗೇ ತೊಡಿಸಿದೆ. ಮೊದಲ ಗುಂಡಿ ಹಾಕುವಷ್ಟರಲ್ಲಿ ಬಟ್ಟೆ ಬಚ್ಚಲ ಕಲ್ಲಿನಷ್ಟು ತಣ್ಣಗಾಗಿತ್ತು.

ಅತ್ತೆ ಬಂದು ಮಗನ ಕೈ ಹಿಡಿದು ನೋಡಿದವರೇ ನನ್ನನ್ನು ಹಿತ್ತಲಿಗೆ ಕರೆದರು. "ಮುಖ ನಮ್ಮವನದೇ ಕಣೇ. ಆದ್ರೆ ನಾಡಿ ಸಿಗ್ತಿಲ್ಲ. ಕಳಿಸಿಬಿಡು."

"ಇಷ್ಟು ವರ್ಷ ಕಾದಿದ್ದು ಕಳಿಸೋಕಲ್ಲ ಅತ್ತೆ," ಅಂದೆ. "ತಣ್ಣಗಿದ್ರೆ ಬಿಸಿ ಮಾಡ್ಕೋತೀನಿ. ನನ್ನ ಕಸುಬೇ ಅದಲ್ವಾ?"

ಅಂದಿನಿಂದ ದಿನಾ ಬೆಳಿಗ್ಗೆ ಅದೇ ಅಂಗಿಗೆ ಇಸ್ತ್ರಿ ಹಾಕಿ ತೊಡಿಸುತ್ತೇನೆ. ಅವರು ಮಗುವಿನ ಹಾಗೆ ಕೈ ಚಾಚುತ್ತಾರೆ.

ಇವತ್ತು ಎರಡನೇ ಗುಂಡಿಯವರೆಗೂ ಬಿಸಿ ಉಳಿದಿತ್ತು. ಅವರು ನನ್ನ ಬೆರಳು ಮುಟ್ಟಿ, "ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?" ಅಂದರು.

"ಇನ್ನೂ ನಾಲ್ಕು ಗುಂಡಿ ಇವೆ, ಸುಮ್ನೆ ನಿಂತ್ಕೊಳ್ಳಿ," ಅಂದೆ.