ತುಂಬದ ಗೇಣುಬಟ್ಟೆ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಹಂಸಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮಾಳವ್ವ ಎಂಬ ಹೆಂಗಸು ಇದ್ದಳು. ಮರದ ಅಚ್ಚಿಗೆ ಬಣ್ಣ ಹಚ್ಚಿ ಬಟ್ಟೆಯ ಮೇಲೆ ಒತ್ತುವುದು ಅವಳ ಕಸುಬು. ಬೇರೆಯವರ ಬಟ್ಟೆಯಲ್ಲಿ ಗಿಳಿ, ಆನೆ, ಬಳ್ಳಿ ಒತ್ತೊತ್ತಾಗಿ ಇರುತ್ತಿದ್ದವು. ಮಾಳವ್ವ ಒಂದು ಕಡೆ ಅಗಲವಾಗಿ ಕೆಂಪು ಒತ್ತಿ, ಮಿಕ್ಕಿದ್ದನ್ನೆಲ್ಲ ಬಿಳಿಯಾಗಿಯೇ ಬಿಡುತ್ತಿದ್ದಳು.

“ಇದೇನಮ್ಮ, ಅರ್ಧಕ್ಕೇ ಎದ್ದುಹೋದೆಯಾ?” ಎಂದು ಜನ ನಗುತ್ತಿದ್ದರು. ಅವಳ ಮನೆಗೆ ಯಾರೂ ಬರುತ್ತಿರಲಿಲ್ಲ. ಮಾತಿಗೆ ಇದ್ದವಳು ತಂಗಿ ಸಿಂಗವ್ವ ಒಬ್ಬಳೇ.

ಆ ರಾಜ್ಯದ ಗಡಿಯ ಗುಹೆಯಲ್ಲಿ ದಂಡಕಾಳನೆಂಬ ಮಾಂತ್ರಿಕನಿದ್ದ. ಖಾಲಿ ಜಾಗ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅವನು ಬೆರಳು ತೋರಿಸಿದವರು ಅವನ ದೊಡ್ಡ ಬಟ್ಟೆಯಲ್ಲಿ ಚಿತ್ರವಾಗಿ ಅಂಟಿಕೊಳ್ಳುತ್ತಿದ್ದರು. ಆ ಬಟ್ಟೆ ಮನುಷ್ಯರ ಚಿತ್ರಗಳಿಂದ ಪೂರ್ತಿ ತುಂಬಿದರೆ ಅವರ್ಯಾರೂ ಮತ್ತೆ ಮನುಷ್ಯರಾಗುವಂತಿರಲಿಲ್ಲ. ಒಂದು ದಿನ ನೀರಿಗೆ ಹೋದ ಸಿಂಗವ್ವ ಹಿಂದಿರುಗಲಿಲ್ಲ. ಬಿಡಿಸಲು ಹೋದ ರಾಜನ ದಂಡೂ ಚಿತ್ರವಾಯಿತು.

ಮಾಳವ್ವ ಮೂರು ದಿನ ಒಲೆ ಹಚ್ಚಲಿಲ್ಲ. ನಾಲ್ಕನೆಯ ದಿನ ಅಚ್ಚಿನ ಗಂಟು ಹೊತ್ತು ಗುಹೆಗೆ ಹೋದಳು. ಬಟ್ಟೆಯಲ್ಲಿ ಒಂದೇ ಒಂದು ಗೇಣು ಬಾಕಿಯಿತ್ತು. ಅದರ ಪಕ್ಕದಲ್ಲೇ ಕೊಡ ಹಿಡಿದ ಸಿಂಗವ್ವನ ಚಿತ್ರ.

“ಮಾಂತ್ರಿಕಯ್ಯ, ಈ ಗೇಣಿನಲ್ಲಿ ನಾನು ಬಣ್ಣ ಒತ್ತುತ್ತೇನೆ. ಬಿಟ್ಟ ಜಾಗ ನೀನು ತುಂಬು. ಮೂರು ಸಲ ಪಂದ್ಯ. ನೀನು ಒಂದು ಸಲ ಸೋತರೂ ಎಲ್ಲರನ್ನೂ ಬಿಡಬೇಕು.”

“ಮೂರೂ ಸಲ ನಾನು ಗೆದ್ದರೆ ನೀನೇ ಕೊನೆಯ ಚಿತ್ರ!” ಎಂದು ದಂಡಕಾಳ ನಕ್ಕ.

ಮಾಳವ್ವ ಮೊದಲು ಕೆಂಪು ಒತ್ತಿ ಬೆರಳಗಲ ಬಿಟ್ಟಳು. ಮಾಂತ್ರಿಕ ಊದಿದ, ಒಂದು ಕಾಗೆ ಬಂದು ಅಲ್ಲಿ ಕೂತಿತು. ಗೆದ್ದ ಅವನು ಮುಂದಿನ ಸಲಕ್ಕೆಂದು ಎಲ್ಲವನ್ನೂ ಉಜ್ಜಿ ಅಳಿಸಿದ. ಅವಳು ಹಳದಿ ಒತ್ತಿ ಅಂಗೈಯಗಲ ಬಿಟ್ಟಳು. ಹುಲಿಯೊಂದು ಬಂದು ಮೈ ಮುದುಡಿ ಅಲ್ಲಿ ಮಲಗಿತು. ಅದನ್ನೂ ಅಳಿಸಿದ.

ಮೂರನೆಯ ಸಲ ಮಾಳವ್ವ ಅಚ್ಚು ಕೈಗೆತ್ತಿಕೊಂಡಳು. ಯಾರೂ ಬಾರದ ಬಾಗಿಲು, ಯಾರೂ ಕೂಗದ ಹೆಸರು, ಎಲ್ಲ ನೆನಪಾದವು. ಅವಳು ಕೆಳಗಿನ ಅಂಚಿಗೆ ಒಂದು ಗೆರೆ ನೀಲಿ ಒತ್ತಿ ಕೈ ತೆಗೆದಳು. ಅದರ ಮೇಲಿನ ಬಿಳುಪು ಕೊನೆಯಿಲ್ಲದ ಬಯಲಿನಂತೆ ಕಂಡಿತು.

ಮಾಂತ್ರಿಕ ನೂರು ಆನೆ ಬಿಟ್ಟ. ಅವು ಆ ಬಿಳುಪಿನೊಳಗೆ ನಡೆದು ನಡೆದು ಸಾಸಿವೆಯಷ್ಟಾಗಿ ಕಾಣದೆ ಹೋದವು. ಸಾವಿರ ಕುದುರೆ ಬಿಟ್ಟ. ಅವೂ ಹೋದವು. “ನಾನೇ ತುಂಬುತ್ತೇನೆ!” ಎಂದು ತಾನೇ ಒಳಗೆ ಹಾರಿದ.

ಒಳಗೆ ಬರೀ ಬಯಲು. ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿಸಿತು. “ಯಾರಾದರೂ ಇದ್ದೀರಾ?” ಮತ್ತೊಮ್ಮೆ, ಇನ್ನೂ ದೂರದಿಂದ, “ಯಾರಾದರೂ ಇದ್ದೀರಾ?”

ಆ ಕೂಗು ಮಾಳವ್ವನಿಗೆ ಹೊಸದಲ್ಲ. ಅವಳು ಬಟ್ಟೆಯತ್ತ ಬಾಗಿದಳು. “ನಾನಿದ್ದೇನೆ ಕಣಯ್ಯ. ಅವರನ್ನೆಲ್ಲ ಬಿಡು, ದಾರಿ ತೋರಿಸುತ್ತೇನೆ.”

“ಬಿಟ್ಟೆ, ಬಿಟ್ಟೆ!” ಎಂದ ಅವನು. ಆ ಮಾತಿಗೆ ಅವನ ಮಾಯೆ ಕಳಚಿತು. ಚಿತ್ರಗಳೆಲ್ಲ ಬಟ್ಟೆಯಿಂದ ದುಡುದುಡು ಇಳಿದವು. “ಅಕ್ಕಾ, ಎಷ್ಟು ಹೊತ್ತು ಮಾಡಿದೆ!” ಎಂದು ಸಿಂಗವ್ವ ಬಂದು ತಬ್ಬಿಕೊಂಡಳು. ಮಾಳವ್ವ ಬಟ್ಟೆಯೊಳಕ್ಕೆ ಕೂಗುತ್ತಲೇ ಇದ್ದಳು. ಆ ದನಿ ಹಿಡಿದು, ಕಟ್ಟಕಡೆಗೆ, ಒಬ್ಬ ಬಡಕಲು ಮುದುಕ ಹೊರಗೆ ಬಂದ.

ರಾಜನ ಸೇನಾಪತಿ ಕತ್ತಿ ಎತ್ತಿದ. ಮಾಳವ್ವ ಅಡ್ಡ ನಿಂತಳು. “ಬೇಡ ಸ್ವಾಮಿ. ಬಣ್ಣದ ಗಡಿಗೆ ತೊಳೆಯಲು ನನಗೊಬ್ಬ ಆಳು ಬೇಕಿತ್ತು.”

ಮುದುಕ ಗಡಿಗೆ ತೊಳೆದ, ಅಕ್ಕತಂಗಿಯರು ಬಣ್ಣ ಒತ್ತಿದರು, ಹಂಸಗಿರಿಯ ಮಂದಿ ಉಂಡುಟ್ಟು ಸುಖವಾಗಿದ್ದರು. ಸಂಜೆಗೆ ಯಾರಾದರೊಬ್ಬರು ಬಂದು ಮಾಳವ್ವನ ಜಗಲಿಯ ಮೇಲೆ ಸುಮ್ಮನೆ ಕೂತು ಹೋಗುತ್ತಿದ್ದರು.